ಮಾತಿಗಾಗಿ ಅನ್ನ ಕಸಿಯುವುದು ನ್ಯಾಯವೇ?

ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದದ್ದು ಜೀವ ವಿಮಾ ನಿಗಮದ ವಸತಿ ಬಡಾವಣೆಯಿಂದ. ದುಡಿಯುವ ಕೈ ನಿಂತುಹೋದರೆ ಮನೆಮಂದಿಯ ಗತಿಯೇನು ಎಂಬ ಚಿಂತೆ ಆ ಹೆಸರಿನಲ್ಲಿಯೇ ಅಡಗಿದೆ. ಈಚೆಗೆ ಅಲ್ಲಿಯ ಮನೆಯೊಂದರಲ್ಲಿ ಜಪಸರ ಮುಗಿದು, ಕಾಫಿ ಲೋಟಗಳು ಕೈಗೆ ಬಂದಾಗ, ನಾವು ಕೇಳಿದ ಮಾತುಕತೆಯೂ ಅದೇ ಚಿಂತೆಯದಾಗಿತ್ತು.

ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ತರುಣನೊಬ್ಬ ಕೇಳಿದ: “ವಿವಾಹವೆಂದರೆ ಗಂಡು ಹೆಣ್ಣಿನ ನಡುವಿನ ಸಂಸ್ಕಾರವೆಂದು ನಾನು ನಂಬಿದ್ದೇನೆ. ಅದನ್ನು ಬಾಯಿಬಿಟ್ಟು ಹೇಳಿದರೆ ನನ್ನ ಕೆಲಸ ಉಳಿದೀತೇ?” ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಮೆಲ್ಲನೆ ಹೇಳಿದರು: “ಮಗು, ಸಲಿಂಗಿಗಳ ಮದುವೆಗೂ ಕಾನೂನಿನ ಮಾನ್ಯತೆ ಇರಲಿ ಎಂದು ನಾನು ನಮ್ಮ ಶಾಲೆಯಲ್ಲಿ ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತೇ?” ಕೂಟದಲ್ಲಿ ಯಾರೂ ಉತ್ತರಿಸಲಿಲ್ಲ. ಆ ಎರಡು ಪ್ರಶ್ನೆಗಳೂ ಒಂದೇ ಎಂಬುದನ್ನು ಮನೆಗೆ ಹಿಂದಿರುಗುವಾಗ ನಾವು ಮನಗಂಡೆವು.

ಮೊದಲು ನಮ್ಮ ಊರಿನ ಸಂಗತಿಯನ್ನೇ ನೋಡೋಣ. 2017ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಆಶ್ಲಿ ಟೆಲ್ಲಿಸ್ ಎಂಬ ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ತಾವು ಸಲಿಂಗಿಯೆಂಬುದನ್ನು ಮುಚ್ಚಿಡದೆ, ಸಲಿಂಗಿಗಳ ಹಕ್ಕುಗಳ ಪರವಾಗಿ ಬಹುಕಾಲದಿಂದ ಬರೆದು ಮಾತನಾಡಿದವರು ಅವರು. ತಮ್ಮ ವೈಯಕ್ತಿಕ ಅಭಿಪ್ರಾಯಗಳಿಂದ ವಿದ್ಯಾರ್ಥಿಗಳ ಮನಸ್ಸು ಕದಡಿದೆಯೆಂಬ ಕಾರಣ ನೀಡಿ, ತರಗತಿಯಿಂದಲೇ ಕರೆಸಿ ಕಾಲೇಜನ್ನು ಬಿಡುವಂತೆ ತಮಗೆ ತಿಳಿಸಲಾಯಿತೆಂದು ಅವರು ಬಹಿರಂಗವಾಗಿ ಹೇಳಿದರು. ಪತ್ರಿಕೆಗಳಲ್ಲಿ ಆ ಸುದ್ದಿ ಚರ್ಚೆಗೆ ಬಂತು. ಅದು ವಿವಾಹದ ವಿಚಾರ ಒಂದರಿಂದಲೇ ಎದ್ದ ವಿವಾದವಾಗಿರಲಿಲ್ಲ. ಆದರೆ ಅಭಿಪ್ರಾಯವೊಂದು ಉದ್ಯೋಗಕ್ಕೆ ಕುತ್ತಾಗಬಹುದೇ ಎಂಬ ಪ್ರಶ್ನೆ ನಮ್ಮ ಧರ್ಮಸಭೆಯ ಅಂಗಳಕ್ಕೇ ಬಂದು ನಿಂತಿತು.

ಈ ಕಾಲೇಜು ನಮಗೆ ಹೊರಗಿನದಲ್ಲ. 1882ರಲ್ಲಿ ಆರಂಭವಾಗಿ, 1937ರಿಂದ ಯೇಸುಸಭೆಯ ಗುರುಗಳ ಆಡಳಿತದಲ್ಲಿ ಬೆಳೆದು, 2022ರಲ್ಲಿ ವಿಶ್ವವಿದ್ಯಾಲಯವಾದ ಸಂಸ್ಥೆ ಅದು. ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಓದಿ ಬದುಕು ಕಟ್ಟಿಕೊಂಡಿದ್ದಾರೆ. ಅದಕ್ಕೆಂದೇ ಈ ಸಂಗತಿಯನ್ನು ನಾವು ದೂಷಣೆಗಾಗಿ ಅಲ್ಲ, ಆತ್ಮಶೋಧನೆಗಾಗಿ ನೆನೆಯುತ್ತಿದ್ದೇವೆ.

ಇನ್ನು ತರುಣನ ಪ್ರಶ್ನೆಗೆ ಬರೋಣ. ಅವನ ಭಯವೂ ಹುಸಿಯಲ್ಲ. ಕಂಪ್ಯೂಟರ್ ಲೋಕದಲ್ಲಿ ಪ್ರಸಿದ್ಧರಾದ, ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದ ಬ್ರೆಂಡನ್ ಐಕ್ ಅವರು 2014ರಲ್ಲಿ ಅಮೆರಿಕದ ಮೊಜಿಲ್ಲಾ ಸಂಸ್ಥೆಯ ಮುಖ್ಯಾಧಿಕಾರಿಯಾದರು. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹವನ್ನು ತಡೆಯುವ ಪ್ರಸ್ತಾವಕ್ಕೆ ಅವರು 1000 ಡಾಲರ್ ದೇಣಿಗೆ ಕೊಟ್ಟಿದ್ದರು. ಅದರ ವಿರುದ್ಧ ಎದ್ದ ಪ್ರತಿಭಟನೆಯ ನಡುವೆ, ಎರಡು ವಾರ ತುಂಬುವ ಮೊದಲೇ ಅವರು ರಾಜೀನಾಮೆ ನೀಡಿದರು.

ಇಂಗ್ಲೆಂಡಿನ ಏಡ್ರಿಯನ್ ಸ್ಮಿತ್ ದೊಡ್ಡ ಅಧಿಕಾರಿಯಲ್ಲ, ಸಂಬಳದಿಂದ ಬದುಕುವ ನೌಕರ. ದೇವಾಲಯಗಳಲ್ಲಿ ಸಲಿಂಗ ವಿವಾಹ ನಡೆಸುವುದು ತಮಗೆ ಒಪ್ಪಿಗೆಯಿಲ್ಲವೆಂಬ ಭಾವವನ್ನು ಅವರು 2011ರಲ್ಲಿ ಕೆಲಸದ ವೇಳೆಯ ಹೊರಗೆ, ತಮ್ಮ ಫೇಸ್‌ಬುಕ್ ಪುಟದಲ್ಲಿ ಸಂಯಮದಿಂದಲೇ ಬರೆದರು. ಅವರಿದ್ದ ಟ್ರಾಫರ್ಡ್ ವಸತಿ ಸಂಸ್ಥೆ ಅವರಿಗೆ ಹಿಂಬಡ್ತಿ ನೀಡಿತು. ಸಂಬಳದಲ್ಲಿ ಶೇಕಡಾ 40ರಷ್ಟು ಕಡಿತವಾಯಿತು. 2012ರಲ್ಲಿ ಉಚ್ಚ ನ್ಯಾಯಾಲಯ ಆ ಕ್ರಮ ಕರಾರಿಗೆ ವಿರುದ್ಧವೆಂದು ತೀರ್ಪಿತ್ತಿತು. ಆದರೆ ಕಾನೂನಿನ ತೊಡಕಿನಿಂದ ಅವರಿಗೆ ದೊರೆತ ಪರಿಹಾರ 100 ಪೌಂಡಿಗೂ ಕಡಿಮೆ. ಈ ಪ್ರಕರಣದಲ್ಲಿ ನಮ್ಮ ಮನಸ್ಸನ್ನು ತಟ್ಟಿದ ಸಂಗತಿ ಬೇರೊಂದಿದೆ. ಸಲಿಂಗಿಗಳ ಹಕ್ಕುಗಳಿಗಾಗಿ ಜೀವಮಾನವಿಡೀ ಹೋರಾಡಿದ ಪೀಟರ್ ಟ್ಯಾಚೆಲ್ ಅವರೇ ಸ್ಮಿತ್ ಅವರಿಗಾದ ಶಿಕ್ಷೆ ಅತಿಯಾಯಿತೆಂದು ಬಹಿರಂಗವಾಗಿ ನುಡಿದರು. ತಮ್ಮ ವಾದವನ್ನು ಒಪ್ಪದವನ ಅನ್ನಕ್ಕಾಗಿ ಅವರು ದನಿ ಎತ್ತಿದರು. ನಾವು ಆ ಸ್ಥಾನದಲ್ಲಿದ್ದರೆ ಅಷ್ಟು ಮಾಡುತ್ತಿದ್ದೆವೇ?

ನಮ್ಮ ದೇಶದಲ್ಲಿ ಈ ಚರ್ಚೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ವಯಸ್ಕರ ನಡುವಿನ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ನೀಡಲು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ನಿರಾಕರಿಸಿ, ಅದನ್ನು ಶಾಸನಸಭೆಗಳ ವಿವೇಚನೆಗೆ ಬಿಟ್ಟಿತು. ಶಾಸನವಾಗಬೇಕಾದರೆ ಜನರು ಪರ ವಿರೋಧವಾಗಿ ಮಾತನಾಡಲೇಬೇಕು. ಮಾತನಾಡಿದವರೆಲ್ಲ ಮನೆಯ ಬಾಡಿಗೆಗೂ ಮಕ್ಕಳ ಶುಲ್ಕಕ್ಕೂ ಹೆದರುವಂತಾದರೆ ಆ ಚರ್ಚೆ ನಡೆಯುವುದಾದರೂ ಹೇಗೆ?

ಧರ್ಮಸಭೆಯ ಬೋಧನೆಯಲ್ಲಿ ಇಲ್ಲಿ ಎರಡು ಎಳೆಗಳಿವೆ. ವಿವಾಹವು ಗಂಡು ಹೆಣ್ಣಿನ ನಡುವಿನ ಒಡಂಬಡಿಕೆಯೆಂಬುದು ಒಂದು. ಸಲಿಂಗಿಗಳನ್ನು ಗೌರವದಿಂದಲೂ ಅನುಕಂಪದಿಂದಲೂ ಬರಮಾಡಿಕೊಳ್ಳಬೇಕು, ಅವರ ವಿಷಯದಲ್ಲಿ ಅನ್ಯಾಯದ ತಾರತಮ್ಯ ಸಲ್ಲದು ಎಂಬುದು ಇನ್ನೊಂದು. 1992ರ ಧರ್ಮೋಪದೇಶ ಗ್ರಂಥವೇ ಇದನ್ನು ಬೋಧಿಸುತ್ತದೆ. ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಡುವುದು ನಿಷ್ಠೆಯೆನಿಸದು. ದುಡಿಮೆಯು ಕುಟುಂಬ ಜೀವನದ ತಳಹದಿಯೆಂದು ಜಗದ್ಗುರು ಎರಡನೇ ಜಾನ್ ಪಾಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಕೆಲಸ ಕಿತ್ತುಕೊಂಡಾಗ ಅಲುಗುವುದು ಒಬ್ಬನ ಕುರ್ಚಿ ಮಾತ್ರವಲ್ಲ, ಒಂದು ಮನೆಯ ಒಲೆ.

ಹಾಗೆಂದು ಸಂಸ್ಥೆಗಳಿಗೆ ಯಾವ ಹಕ್ಕೂ ಇಲ್ಲವೆಂದು ನಾವು ಹೇಳುವುದಿಲ್ಲ. ಕಥೋಲಿಕ ಶಾಲೆಗೆ ತನ್ನದೇ ಆದ ಧ್ಯೇಯವುಂಟು. ಸಹೋದ್ಯೋಗಿಯನ್ನೋ ವಿದ್ಯಾರ್ಥಿಯನ್ನೋ ಹೀಯಾಳಿಸಿ ನೋಯಿಸುವುದು ಅಭಿಪ್ರಾಯವಲ್ಲ, ಹಿಂಸೆ, ಅದನ್ನು ತಡೆಯಲೇಬೇಕು. ಆದರೆ ಅದಕ್ಕೂ ಒಂದು ಕ್ರಮವಿದೆ. ಟಿ.ಎಂ.ಎ. ಪೈ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಶಿಕ್ಷಣ ಸಂಸ್ಥೆಗಳಿಗೆ ಶಿಸ್ತುಕ್ರಮದ ಅಧಿಕಾರವನ್ನು ಮಾನ್ಯ ಮಾಡಿತು. ಜೊತೆಗೆ ಆಂತರಿಕ ವಿಚಾರಣೆಯ ಅಗತ್ಯವನ್ನೂ, ನೊಂದ ಸಿಬ್ಬಂದಿ ಮೊರೆಹೋಗಲು ನ್ಯಾಯಮಂಡಳಿಯ ಅಗತ್ಯವನ್ನೂ ಹೇಳಿತು. ವರ್ಷ ವರ್ಷಕ್ಕೂ ಕರಾರು ನವೀಕರಿಸಿಕೊಂಡು ದುಡಿಯುವ ಶಿಕ್ಷಕರಿಗೆ ಈ ರಕ್ಷಣೆ ಕೈಗೆಟಕುವುದು ಕಷ್ಟ. ಅಂಥವರ ವಿಷಯದಲ್ಲಿಯೇ ನಮ್ಮ ಆಡಳಿತ ಮಂಡಳಿಗಳ ಹೊಣೆ ಹೆಚ್ಚಿನದು: ದೂರು ಲಿಖಿತವಾಗಿರಲಿ, ಅದರ ಪ್ರತಿ ಆಪಾದಿತರ ಕೈ ಸೇರಲಿ, ಅವರ ಉತ್ತರವನ್ನು ಕೇಳಿದ ಮೇಲೆಯೇ ತೀರ್ಮಾನವಾಗಲಿ. ಕಂಪನಿಗಳಿಂದ ನಮ್ಮ ಮಕ್ಕಳಿಗಾಗಿ ನಾವು ಬಯಸುವುದೂ ಇದನ್ನೇ ಅಲ್ಲವೇ?

ಸಂತ ಯೊವಾನ್ನರ ಶುಭಸಂದೇಶದಲ್ಲಿ ಒಂದು ಪ್ರಸಂಗವಿದೆ. ಪ್ರಭು ಯೇಸುವನ್ನು ಹಿಡಿಸಲು ಮುಖಂಡರು ಆತುರಪಡುತ್ತಿದ್ದಾಗ, ಅವರ ನಡುವೆಯೇ ಇದ್ದ ನಿಕೊದೇಮನು, ಒಬ್ಬನ ಮಾತನ್ನು ಕೇಳದೆ ಅವನಿಗೆ ತೀರ್ಪು ನೀಡಲು ನಮ್ಮ ಧರ್ಮಶಾಸ್ತ್ರದಲ್ಲಿ ಎಡೆಯುಂಟೇ ಎಂದು ಕೇಳಿದನು. ಉತ್ತರವಾಗಿ ಅವನಿಗೆ ಸಿಕ್ಕಿದ್ದು ಮೂದಲಿಕೆ. ಆದರೂ ಆ ಪ್ರಶ್ನೆ ಇಂದಿಗೂ ನಮ್ಮ ಮುಂದಿದೆ.

ಆ ಸಂಜೆಯ ತರುಣನೂ ನಿವೃತ್ತ ಶಿಕ್ಷಕಿಯೂ ವಿವಾಹದ ವಿಚಾರದಲ್ಲಿ ಒಮ್ಮತಕ್ಕೆ ಬರಲಿಲ್ಲ, ಬರಬೇಕೆಂದೂ ಇಲ್ಲ. ಆದರೆ ಹೊರಡುವಾಗ ಆತ ಅವರ ಚೀಲವನ್ನು ಹಿಡಿದು ಮೆಟ್ಟಿಲಿಳಿಸಿ, ಆಟೋ ಸಿಗುವವರೆಗೂ ಜೊತೆಯಲ್ಲಿ ನಿಂತಿದ್ದುದನ್ನು ನಾವು ಕಂಡೆವು. ನಮ್ಮ ಶಾಲೆಗಳೂ ಕಚೇರಿಗಳೂ ಅಷ್ಟನ್ನು ಕಲಿತರೆ ಸಾಕು. ಮಾತಿಗೆ ಮಾತಿನಿಂದಲೇ ಉತ್ತರ ಕೊಡೋಣ. ಯಾರ ತಟ್ಟೆಯ ಅನ್ನಕ್ಕೂ ಕೈಹಾಕದಿರೋಣ.