ಮುಂದೆ ಎಷ್ಟು ಹಲ್ಲು?

ಕೃಷ್ಣದೇವರಾಯ ಗಜಪತಿಗಳಿಂದ ಗೆದ್ದ ಕೊಂಡಪಲ್ಲಿ ಕೋಟೆಗೆ ಸೈಕಲ್ ತುಳಿದೇ ಏರುವ ಆಸೆಯೇ? (ಬೊಂಬೆ ಕೊಳ್ಳುವುದು ಇಳಿದ ಮೇಲೆ ಇರಲಿ!) ಹಾಗಾದರೆ ಮೌಂಟನ್ ಬೈಕಿನ ಮುಂದಿನ ಒಂಟಿ ಚೈನ್‌ರಿಂಗ್‌ಗೆ 30 ಹಲ್ಲು ಸಾಕೋ, 32 ಬೇಕೋ?

ಲೆಕ್ಕ ಸುಲಭ. ಮುಂದಿನ ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. ಉತ್ತರ ಚಿಕ್ಕದಾದಷ್ಟೂ ಏರು ಹಗುರ. ಹಿಂದೆ 51 ಇದ್ದರೆ 32ಕ್ಕೆ 0.63, 30ಕ್ಕೆ 0.59. ಮುಂದೆ ಮೂರು ರಿಂಗುಗಳಿದ್ದ ಹಳೆಯ ಸೈಕಲ್ಲುಗಳ 22-34 ಜೋಡಿಯೇ 0.65! ಅಂದಮೇಲೆ 32ಕ್ಕೆ ಹೆದರಬೇಕಿಲ್ಲ. ಆದರೆ ನಿಮ್ಮ ಹಿಂದಿನ ಚಕ್ರ 42ರದ್ದಾಗಿದ್ದರೆ ಅದೇ 32ಕ್ಕೆ 0.76. ಬಿಸಿಲಲ್ಲಿ, ಸಡಿಲ ಕಲ್ಲುಗಳ ಮೇಲೆ ಮೊದಲು ದೂರುವುದು ಮಂಡಿ. ಅಲ್ಲಿ 28 ಅಥವಾ 30 ವಾಸಿ.

"30 ಹಾಕಿದರೆ ಸಮತಟ್ಟು ರಸ್ತೆಯಲ್ಲಿ ಹಿಂದುಳಿಯುತ್ತೇವೆ" ಅನ್ನುವವರಿದ್ದಾರೆ. 29 ಇಂಚಿನ ಗಾಲಿ, ಹಿಂದಿನ ಚಿಕ್ಕ ಚಕ್ರ 10 ಹಲ್ಲಿನದು, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 37 ಕಿ.ಮೀ.; 32ರಲ್ಲಿ 40. ಆ ಮೂರು ಕಿ.ಮೀ. ಆಸೆಗೆ ಏರಿನಲ್ಲಿ ಇಳಿದು ತಳ್ಳುತ್ತೀರಾ? ನನ್ನ ಓಟಂತೂ 30ಕ್ಕೆ.

ಕೊಳ್ಳುವ ಮುನ್ನ ಕ್ರ್ಯಾಂಕ್ ನೋಡಿಕೊಳ್ಳಿ. 104 ಮಿ.ಮೀ. ಅಳತೆಯ ನಾಲ್ಕು ಬೋಲ್ಟಿನದಾದರೆ ಸಾಮಾನ್ಯವಾಗಿ 30ಕ್ಕಿಂತ ಚಿಕ್ಕ ರಿಂಗ್ ಕೂರುವುದಿಲ್ಲ.