ರನ್‌ಔಟ್ ಆಗಬಾರದು, ಹೆಲಿಕಾಪ್ಟರ್ ಕೂಡ!

ಮಾಡೆಲ್ ಹೆಲಿಕಾಪ್ಟರ್ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ, "ಎಷ್ಟು ಎತ್ತರ ಹೋಗುತ್ತೆ?" ಈಗ ಬರೋದೆಲ್ಲ ಹೆಚ್ಚಾಗಿ ಬ್ಯಾಟರಿಯವು, ಅವುಗಳಿಗೆ ಕ್ಲಚ್ ತಲೆನೋವಿಲ್ಲ. ಆದರೆ ನೈಟ್ರೋ ಇಂಜಿನ್ನಿನ ಹಳೇ ಹೆಲಿಕಾಪ್ಟರ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕಿದ್ರೆ ನೀವು ಮೊದಲು ಕೇಳಬೇಕಾದದ್ದು ಬೇರೆ: ಇಂಜಿನ್ನೂ ಕ್ಲಚ್ಚೂ ಒಂದೇ ನೇರದಲ್ಲಿವೆಯಾ?

ಈ ಕ್ಲಚ್ ನಿಮಗೆ ಗೊತ್ತಿರೋದೇ. ಗೇರ್‌ಲೆಸ್ ಸ್ಕೂಟರ್ ಸಿಗ್ನಲ್‌ನಲ್ಲಿ ಆನ್ ಇದ್ದರೂ ನಿಂತಿರುತ್ತೆ, ಆಕ್ಸಿಲರೇಟರ್ ತಿರುಗಿಸಿದ್ರೆ ಹೊರಡುತ್ತೆ. ವೇಗ ಹೆಚ್ಚಾದಾಗ ಒಳಗಿನ ಶೂಗಳು ಹೊರಕ್ಕೆ ಚಾಚಿ, ಸುತ್ತಲಿನ ಬೆಲ್ ಅನ್ನು ಹಿಡಿದು ತಿರುಗಿಸುತ್ತವೆ. ಹೆಲಿಕಾಪ್ಟರ್‌ನಲ್ಲೂ ಅಷ್ಟೇ. ಇಂಜಿನ್, ಕೂಲಿಂಗ್ ಫ್ಯಾನ್, ಕ್ಲಚ್, ಬೆಲ್, ಪಿನಿಯನ್, ದೊಡ್ಡ ಗೇರ್, ಕೊನೆಗೆ ರೋಟರ್.

50 ಕ್ಲಾಸ್‌ನ ಇಂಜಿನ್ ಬರೀ 8 ಸಿಸಿ ಆಸುಪಾಸಿನದು. ಆದರೆ ತಿರುಗೋದು ನಿಮಿಷಕ್ಕೆ 15,000 ಸುತ್ತು, ಅಂದ್ರೆ ಸೆಕೆಂಡಿಗೆ 250. ಕ್ಲಚ್ ಸ್ವಲ್ಪ ಓರೆಯಾಗಿ ಕೂತಿದ್ರೆ ಇಡೀ ಯಂತ್ರಕ್ಕೆ ಸೆಕೆಂಡಿಗೆ 250 ಏಟು! ಟ್ಯಾಂಕಿನಲ್ಲಿ ಇಂಧನ ನೊರೆಯಾಗುತ್ತೆ, ಇಂಜಿನ್‌ಗೆ ಗಾಳಿಗುಳ್ಳೆ ಹೋಗುತ್ತೆ, ಅದು ಬಿಸಿಯಾಗಿ ಗಾಳಿಯಲ್ಲೇ ನಿಲ್ಲಬಹುದು. ಗೈರೋ ಗಲಿಬಿಲಿಗೊಂಡು ಬಾಲ ಅಲ್ಲಾಡುತ್ತೆ. ಕ್ಲಚ್ ಲೈನಿಂಗ್ ಒಂದೇ ಕಡೆ ಸವೆಯುತ್ತೆ.

ಇದು ಬರೀ ರಿಪೇರಿ ಖರ್ಚಿನ ಮಾತಲ್ಲ. 1.35 ಮೀಟರ್ ಅಗಲದ ರೋಟರ್ ನಿಮಿಷಕ್ಕೆ 1,800 ಸುತ್ತು ತಿರುಗಿದಾಗ ಅದರ ತುದಿಯ ವೇಗ ಗಂಟೆಗೆ 450 ಕಿ.ಮೀ. ದಾಟುತ್ತೆ. ಅದು ಯಾರಿಗಾದ್ರೂ ತಗುಲಿದ್ರೆ ಆಟಿಕೆ ಅನ್ನೋ ಮಾತು ಉಳಿಯಲ್ಲ.

ನೇರ ಮಾಡೋಕೆ ಬೇಕಾದದ್ದು ಒಂದು ಡಯಲ್ ಗೇಜ್, ಮ್ಯಾಗ್ನೆಟ್ ಸ್ಟ್ಯಾಂಡ್, ಒಂದಿಷ್ಟು ತಾಳ್ಮೆ. ಟ್ಯಾಂಕ್ ಖಾಲಿ ಮಾಡಿ, ಗ್ಲೋ ಪ್ಲಗ್ ಬಿಚ್ಚಿ. ಆಗ ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತೆ. ಮೊದಲು ಫ್ಯಾನ್ ಹಬ್ ಮಾತ್ರ ಹಾಕಿ, ಗೇಜ್ ತುದಿ ಅದಕ್ಕೆ ತಾಗಿಸಿ, ನಿಧಾನ ತಿರುಗಿಸಿ. ಮುಳ್ಳು ಎಷ್ಟು ಓಲಾಡುತ್ತೋ ಅದೇ ರನ್‌ಔಟ್. 0.05 ಮಿ.ಮೀ. ಒಳಗಿದ್ರೆ ಒಳ್ಳೇದು, ನಮ್ಮ ತಲೆಗೂದಲು ಸಾಮಾನ್ಯವಾಗಿ ಅದಕ್ಕಿಂತ ದಪ್ಪ. ಹೆಚ್ಚಿದ್ರೆ ಹಬ್ ಸಡಿಲಿಸಿ, ಶಾಫ್ಟ್ ಮೇಲೆ ಸ್ವಲ್ಪ ತಿರುಗಿಸಿ ಕೂರಿಸಿ, ಮತ್ತೆ ಅಳೆಯಿರಿ. ಆಮೇಲೆ ಕ್ಲಚ್ ಹಾಕಿ ಅದೇ ಪರೀಕ್ಷೆ. ಎಲ್ಲಾ ಒಟ್ಟಿಗೆ ಜೋಡಿಸಿ ಅಳೆದ್ರೆ ತಪ್ಪು ಎಲ್ಲಿದೆ ಅಂತ ಗೊತ್ತಾಗಲ್ಲ. ಕೋಡ್ ಡೀಬಗ್ ಮಾಡುವಾಗಲೂ ಇದೇ ತಾನೇ?

ಕೊನೆಗೆ ಇಂಜಿನ್ ಅನ್ನು ಫ್ರೇಮಿಗೆ ಕೂರಿಸುವಾಗ ಮೌಂಟ್ ಸ್ಕ್ರೂಗಳನ್ನು ಸಡಿಲವಾಗಿಡಿ. ಕ್ಲಚ್ ಬೆಲ್ ಒಳಗೆ ತಾನಾಗೇ ಮಧ್ಯಕ್ಕೆ ಬರಲಿ. ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ, ಪ್ರತಿ ಸಲ ಬೆಲ್ ತಿರುಗಿಸಿ ನೋಡಿ. ಎಲ್ಲಾದ್ರೂ ಉಜ್ಜಿದ್ರೆ ಮತ್ತೆ ಸಡಿಲಿಸಿ. ಲೋಹಕ್ಕೆ ಲೋಹ ಸೇರುವ ಕಡೆ ನೀಲಿ ಥ್ರೆಡ್‌ಲಾಕ್ ಒಂದು ಹನಿ ಸಾಕು.

ಗೇಜ್ ಹಿಡಿದು ಅಭ್ಯಾಸ ಇಲ್ವಾ? ರಾಜಾಜಿನಗರ, ಕಾಮಾಕ್ಷಿಪಾಳ್ಯ, ಪೀಣ್ಯ ಕಡೆಯ ಲೇತ್ ವರ್ಕ್‌ಶಾಪ್‌ಗಳು ನಮ್ಮ ಪಕ್ಕದಲ್ಲೇ ಇವೆ. ನಾಲ್ಕು ದವಡೆಯ ಚಕ್‌ನಲ್ಲಿ ಜಾಬ್ ಸೆಂಟರ್ ಮಾಡೋದನ್ನು ಅಲ್ಲಿ ಹತ್ತು ನಿಮಿಷ ನಿಂತು ನೋಡಿ. ತಿರುಗಿಸೋದು, ಮುಳ್ಳು ನೋಡೋದು, ಚೂರು ಸರಿಸೋದು. ನಮ್ಮ ಕೆಲಸವೂ ಅದೇ.

ಹಾರಿಸೋಕೆ ಬಡಾವಣೆಯ ಪಾರ್ಕ್, ಟೆರೇಸ್ ಬೇಡವೇ ಬೇಡ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಯಾವ ವಲಯದಲ್ಲಿದೆ ಅಂತ ನೋಡಿ, ಜನರಿಲ್ಲದ ಬಯಲಿಗೆ ಹೋಗಿ. ಮೊದಲ ಟ್ಯಾಂಕ್ ಮುಗಿದ ಮೇಲೆ ಇಂಜಿನ್ ತಣಿಯಲಿ, ಸ್ಕ್ರೂಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಮನೆಗೆ ಬಂದು ಬೆಲ್ ಬಿಚ್ಚಿ ನೋಡಿ: ಲೈನಿಂಗ್ ಮೇಲೆ ಉಜ್ಜಿದ ಗುರುತು ಸುತ್ತಲೂ ಸಮನಾಗಿದ್ರೆ ನೀವು ಗೆದ್ರಿ ಅಂತಾನೇ ಅರ್ಥ.