ಹಳೆಯ ಮಟ್ಟಿಗೆ ಹೊಸ ಪದ: ಅಮೆರಿಕದ ಕಾರ್ಮಿಕರ ಹಾಡುಗಳು

ದುಡಿಯುವ ಜನರ ಹಾಡುಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ಕೆಲಸ ಮಾಡುತ್ತಲೇ, ಕೆಲಸದ ಲಯಕ್ಕೆ ಹೊಂದಿಸಿಕೊಂಡು, ದಣಿವನ್ನು ಮರೆಯಲು ಹಾಡುವಂಥವು ಮೊದಲನೆಯವು. ಕನ್ನಡದ ಬೀಸುವ ಪದ, ಕುಟ್ಟುವ ಪದ, ನಾಟಿ ಪದಗಳಂತೆಯೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೈಲು ಹಳಿಗಳನ್ನು ನೇರಗೊಳಿಸುತ್ತಿದ್ದ ಕಪ್ಪು ಕೂಲಿಕಾರರ ಹಾಡುಗಳೂ ಈ ಗುಂಪಿನವು. ಅಲ್ಲಿ ಮುಂದಾಳು ಒಂದು ಸೊಲ್ಲು ಎತ್ತಿಕೊಟ್ಟರೆ, ಉದ್ದನೆಯ ಹಾರೆಗಳನ್ನು ಹಳಿಯಡಿಗೆ ತೂರಿಸಿ ನಿಂತ ಉಳಿದವರು ಆ ಸೊಲ್ಲಿನ ಪೆಟ್ಟಿಗೆ ಸರಿಯಾಗಿ ಒಮ್ಮೆಗೇ ಮೀಟುತ್ತಿದ್ದರು. ಲಯ ತಪ್ಪಿದರೆ ಹಳಿ ಕದಲುತ್ತಿರಲಿಲ್ಲ. ಎರಡನೆಯ ಬಗೆಯ ಹಾಡು ಹುಟ್ಟುವುದು ಕೆಲಸ ನಿಂತಾಗ, ಅಂದರೆ ಮುಷ್ಕರದ ದಿನಗಳಲ್ಲಿ. ಹಸಿದ, ಹೆದರಿದ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಜನರನ್ನು ಒಂದೆಡೆ ಹಿಡಿದು ನಿಲ್ಲಿಸುವುದು ಅದರ ಕೆಲಸವಾದ್ದರಿಂದ, ಎಲ್ಲರಿಗೂ ಮೊದಲೇ ಗೊತ್ತಿರುವ ಮಟ್ಟನ್ನು ತೆಗೆದುಕೊಂಡು ಅದಕ್ಕೆ ಹೊಸ ಪದ ಕಟ್ಟುವುದೇ ಅಲ್ಲಿನ ಹಾಡುಗಾರರ ಮುಖ್ಯ ಕಸುಬಾಯಿತು.

ಈ ಕಸುಬಿಗೆ ಒಂದು ಪುಸ್ತಕದ ರೂಪ ಕೊಟ್ಟವರು ‘ವಾಬ್ಲಿ’ಗಳೆಂದು ಹೆಸರಾದ, 1905ರಲ್ಲಿ ಶಿಕಾಗೋದಲ್ಲಿ ಸ್ಥಾಪನೆಯಾದ ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬ ಸಂಘಟನೆಯವರು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಪಟ್ಟಣದಲ್ಲಿ ಮರ ಕಡಿಯುವವರಿಗೂ ಸುಗ್ಗಿಯ ಕೂಲಿಗಳಿಗೂ ದುಡ್ಡು ಪಡೆದು ಕೆಲಸ ಕೊಡಿಸುತ್ತಿದ್ದ ದಲ್ಲಾಳಿಗಳ ಮೋಸವನ್ನು ಖಂಡಿಸಿ ಇವರು ಬೀದಿಯಲ್ಲಿ ಭಾಷಣ ಮಾಡುತ್ತಿದ್ದಾಗ, ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ವಾದ್ಯಮೇಳದ ಸದ್ದಿನಲ್ಲಿ ಅವರ ಮಾತು ಮುಳುಗಿಹೋಗುತ್ತಿತ್ತು. ವಾಬ್ಲಿಗಳು ಆ ಮೇಳ ನುಡಿಸುತ್ತಿದ್ದ ಭಕ್ತಿಗೀತೆಗಳ ಮಟ್ಟಿಗೇ ತಮ್ಮ ಪದಗಳನ್ನು ಕಟ್ಟಿ ಹಾಡತೊಡಗಿದರು. ಹೀಗೆ ಕೂಡಿದ ಹಾಡುಗಳು 1909ರಲ್ಲಿ ಕಿಸೆಗೆ ಹಿಡಿಯುವ ಪುಸ್ತಿಕೆಯಾಗಿ ಅಚ್ಚಾದವು. ‘ಪುಟ್ಟ ಕೆಂಪು ಹಾಡುಪುಸ್ತಕ’ವೆಂದೇ ಪ್ರಸಿದ್ಧವಾದ ಇದು ಆವೃತ್ತಿಯಿಂದ ಆವೃತ್ತಿಗೆ ಹಾಡುಗಳನ್ನು ಸೇರಿಸಿಕೊಳ್ಳುತ್ತ, ಬಿಡುತ್ತ ಇಂದಿಗೂ ಬಾಳಿದೆ.

ಪುಸ್ತಿಕೆಯ ಅತ್ಯಂತ ಪ್ರಸಿದ್ಧ ಕವಿ ಜೋ ಹಿಲ್. 1879ರಲ್ಲಿ ಸ್ವೀಡನ್ನಿನ ಯೆವ್ಲೆ ಪಟ್ಟಣದಲ್ಲಿ ಹುಟ್ಟಿ, 1902ರಲ್ಲಿ ಅಮೆರಿಕಕ್ಕೆ ಬಂದು ಅಲೆಮಾರಿ ಕೂಲಿಯಾಗಿ ದುಡಿದ ಈತ, ಹೊಟ್ಟೆಗಿಲ್ಲದವನಿಗೆ ಪರಲೋಕದ ಊಟದ ಆಸೆ ತೋರಿಸುವ ಬೋಧಕನನ್ನು ಲೇವಡಿ ಮಾಡುವ ಹಾಡನ್ನು ಜನಪ್ರಿಯ ಭಕ್ತಿಗೀತೆಯೊಂದರ ಮಟ್ಟಿಗೇ ಬರೆದ. ಅದು 1911ರ ಆವೃತ್ತಿಯಲ್ಲಿ ಪ್ರಕಟವಾಯಿತು. ಕರಪತ್ರವನ್ನು ಜನ ಒಮ್ಮೆ ಓದಿ ಬಿಡುತ್ತಾರೆ, ಹಾಡನ್ನಾದರೆ ಬಾಯಿಪಾಠ ಮಾಡಿಕೊಂಡು ಮತ್ತೆ ಮತ್ತೆ ಹಾಡುತ್ತಾರೆ ಎಂಬುದು ಅವನ ನಂಬಿಕೆಯಾಗಿತ್ತು. ಕೊಲೆಯ ಆರೋಪದ ಮೇಲೆ, ಇಂದಿಗೂ ವಿವಾದ ತಣಿಯದ ವಿಚಾರಣೆಯ ನಂತರ, 1915ರ ನವೆಂಬರ್ 19ರಂದು ಯೂಟಾ ರಾಜ್ಯದಲ್ಲಿ ಅವನನ್ನು ಗುಂಡಿಟ್ಟು ಕೊಲ್ಲಲಾಯಿತು. ಈ ಸಾವು ಅವನನ್ನು ದಂತಕಥೆಯಾಗಿಸಿತು ನಿಜ. ಆದರೆ ಆ ದಂತಕಥೆಯ ನೆರಳಿನಲ್ಲಿ, ಅವನಿಗಿಂತ ಕಡಿಮೆ ಬರೆದರೂ ಅವನಷ್ಟೇ ಆಳಕ್ಕೆ ಮುಟ್ಟಿದ ಹೆಣ್ಣುಮಕ್ಕಳು ಮರೆಯಾಗಿದ್ದಾರೆ.

ಅವರಲ್ಲಿ ಎಲಾ ಮೇ ವಿಗಿನ್ಸ್ ಮೊದಲು ನೆನೆಯಬೇಕಾದವಳು. ಉತ್ತರ ಕ್ಯಾರೊಲಿನಾದ ನೂಲಿನ ಗಿರಣಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ, ಹೆತ್ತ ಮಕ್ಕಳಲ್ಲಿ ಕೆಲವರನ್ನು ಬಡತನದಲ್ಲೇ ಕಳೆದುಕೊಂಡಿದ್ದ ಈ ತಾಯಿ, 1929ರ ಗ್ಯಾಸ್ಟೋನಿಯಾ ಮುಷ್ಕರದ ಸಭೆಗಳಲ್ಲಿ ಗುಡ್ಡಗಾಡಿನ ಹಳೆಯ ಲಾವಣಿಗಳ ಧಾಟಿಯಲ್ಲಿ ತಾನೇ ಕಟ್ಟಿದ ಪದಗಳನ್ನು ಹಾಡುತ್ತಿದ್ದಳು. ಮನೆ ಬಿಟ್ಟು ಹೋಗುವಾಗ ಮಕ್ಕಳನ್ನು ಕಂಡು ಮರುಗುವ ಗಿರಣಿಯ ತಾಯಿಯ ಹಾಡು ಅವಳದು. ಅದೇ ವರ್ಷ ಸೆಪ್ಟೆಂಬರ್ 14ರಂದು ಸಭೆಗೆ ಹೊರಟಿದ್ದ ಲಾರಿಯ ಮೇಲೆ ನಡೆದ ದಾಳಿಯಲ್ಲಿ ಗುಂಡೇಟಿಗೆ ಅವಳು ಬಲಿಯಾದಳು. ಅದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಎರಡು ವರ್ಷಗಳ ನಂತರ ಕೆಂಟಕಿಯ ಹಾರ್ಲನ್ ಕೌಂಟಿಯ ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರ ನಡೆದಾಗ, ಸಂಘಟಕ ಸ್ಯಾಮ್ ರೀಸನನ್ನು ಹುಡುಕಿಕೊಂಡು ಬಂದ ಶೆರಿಫನ ಕಡೆಯವರು ಅವನ ಮನೆಯನ್ನು ಜಾಲಾಡಿದರು. ಮಕ್ಕಳೊಂದಿಗೆ ಒಳಗಿದ್ದ ಹೆಂಡತಿ ಫ್ಲಾರೆನ್ಸ್ ರೀಸ್, ಅವರು ಹೋದ ಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದುಕೊಂಡು, ಪರಿಚಿತ ಹಳೆಯ ಮಟ್ಟೊಂದಕ್ಕೆ ಹಾಡು ಬರೆದಳು. ನೀನು ಯಾರ ಕಡೆಯವನೆಂದು ಕೇಳುಗನನ್ನು ನೇರವಾಗಿ ಕೇಳುವ ಈ ಹಾಡಿಗೆ ವಾದ್ಯವೂ ಬೇಡ, ತರಬೇತಿಯೂ ಬೇಡ. ಪಲ್ಲವಿಯಲ್ಲಿ ಒಂದೇ ಪ್ರಶ್ನೆ ಮರುಕಳಿಸುವುದರಿಂದ ಮೊದಲ ಸಲ ಕೇಳಿದವನೂ ದನಿಗೂಡಿಸಬಲ್ಲ.

ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ನಿನಲ್ಲಿ 1945ರ ಅಕ್ಟೋಬರಿನಲ್ಲಿ ಆರಂಭವಾದ ಸಿಗಾರ್ ಕಾರ್ಖಾನೆಯ ಮುಷ್ಕರದಲ್ಲಿ ನಡೆದದ್ದು ಇದಕ್ಕಿಂತ ಬೇರೆ ಬಗೆಯದು. ಬಹುಪಾಲು ಕಪ್ಪು ಮಹಿಳೆಯರೇ ಇದ್ದ ಆ ಧರಣಿಯಲ್ಲಿ ಲೂಸಿಲ್ ಸಿಮನ್ಸ್ ಎಂಬಾಕೆ ಚರ್ಚಿನ ಹಾಡೊಂದನ್ನು ತೀರ ವಿಳಂಬ ಗತಿಯಲ್ಲಿ, ಸ್ವರಗಳನ್ನು ಎಳೆದೆಳೆದು ಹಾಡುತ್ತಿದ್ದಳು. ‘ನಾನು’ ಎಂದಿದ್ದಲ್ಲೆಲ್ಲ ‘ನಾವು’ ಬಂದಿತ್ತು. ಟೆನೆಸಿಯಲ್ಲಿ 1932ರಿಂದ ಕಾರ್ಮಿಕ ಕಾರ್ಯಕರ್ತರನ್ನು ತರಬೇತುಗೊಳಿಸುತ್ತಿದ್ದ ಹೈಲ್ಯಾಂಡರ್ ಜಾನಪದ ಶಾಲೆಗೆ ಮುಷ್ಕರದ ಮಹಿಳೆಯರು ಈ ಹಾಡನ್ನು ಒಯ್ದರು. ಅಲ್ಲಿ ಸಂಗೀತ ಕಲಿಸುತ್ತಿದ್ದ ಜಿಲ್ಫಿಯಾ ಹಾರ್ಟನ್ ಅದನ್ನು ಕಲಿತು ಜಾನಪದ ಗಾಯಕ ಪೀಟ್ ಸೀಗರ್‌ಗೆ ಹೇಳಿಕೊಟ್ಟಳು. 1960ರಲ್ಲಿ ಗಾಯಕ ಗೈ ಕ್ಯಾರವಾನ್ ನಾಗರಿಕ ಹಕ್ಕುಗಳ ಚಳವಳಿಯ ವಿದ್ಯಾರ್ಥಿಗಳ ನಡುವೆ ಅದನ್ನು ಹಾಡಿಸಿದ. ಮುಂದೆ ಹಲವು ಭಾಷೆಗಳಿಗೆ ಇಳಿದ ಆ ಹಾಡು ಕನ್ನಡಕ್ಕೂ ಬಂದು ಇಲ್ಲಿನ ಚಳವಳಿಗಳ ವೇದಿಕೆಗಳಲ್ಲೂ ಶಾಲೆಗಳಲ್ಲೂ ನಮ್ಮದೇ ಎನ್ನುವಷ್ಟು ಬಳಕೆಯಾಯಿತು. ತಂಬಾಕಿನ ಕಾರ್ಖಾನೆಯ ಆ ಮಹಿಳೆಯರ ಹೆಸರು ಮಾತ್ರ ಹಾಡಿನ ಜೊತೆ ಬರಲಿಲ್ಲ.

ಹಾಡು ಹೆಸರಾದ ಮೇಲೆ, ಬೇರೆಯವರು ಅದನ್ನು ವ್ಯಾಪಾರಕ್ಕೆ ಬಳಸದಂತೆ ತಡೆಯಲೆಂದು ಹಾರ್ಟನ್, ಸೀಗರ್, ಕ್ಯಾರವಾನ್ ಮತ್ತು ಇನ್ನೊಬ್ಬ ಗಾಯಕ ಫ್ರಾಂಕ್ ಹ್ಯಾಮಿಲ್ಟನ್ ಹೆಸರಿನಲ್ಲಿ ಹಕ್ಕುಸ್ವಾಮ್ಯ ನೋಂದಾಯಿಸಿ, ಬಂದ ಗೌರವಧನವನ್ನು ಹೈಲ್ಯಾಂಡರ್ ಸಂಸ್ಥೆ ನಡೆಸುವ ನಿಧಿಗೆ ಸಲ್ಲಿಸುವ ಏರ್ಪಾಡು ಮಾಡಲಾಗಿತ್ತು. ಉದ್ದೇಶ ಒಳ್ಳೆಯದೇ ಆದರೂ, ಚರ್ಚಿನಿಂದ ಕಾರ್ಖಾನೆಗೆ ಬಾಯಿಂದ ಬಾಯಿಗೆ ಸಾಗಿ ಬಂದ ಹಾಡಿಗೆ ಒಡೆಯರಿರುವುದು ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 2018ರ ಜನವರಿಯಲ್ಲಿ ಉಭಯ ಪಕ್ಷಗಳ ನಡುವೆ ರಾಜಿಯಾಗಿ, ಆ ಹಾಡು ಯಾರ ಅನುಮತಿಯೂ ಬೇಕಿಲ್ಲದ ಸಾರ್ವಜನಿಕ ಸ್ವತ್ತಾಯಿತು.